ಪನ್ಹಾಳಗಡಕ್ಕೆ ಒಂದು ದಿನ

ಉಗಾರ ಕಡೆಯ ವಾಚಕರೊಬ್ಬರು ನಮಗೆ ಕಾಗದ ಬರೆದು ಕೇಳಿದ್ದಾರೆ: "ಬೆಳಿಗ್ಗೆ ಹೊರಟು ರಾತ್ರಿ ಮನೆಗೆ ಬಂದು ಮಲಗುವಂಥ ಗುಡ್ಡದ ಮೇಲಿನ ಊರು ಯಾವುದಾದರೂ ತಿಳಿಸಿರಿ. ಮನೆಯಲ್ಲಿ ವಯಸ್ಸಾದವರಿದ್ದಾರೆ, ಸಣ್ಣ ಮಕ್ಕಳಿದ್ದಾರೆ. ಅಂಗಡಿಯನ್ನು ಎರಡು ದಿನ ಮುಚ್ಚುವುದು ಆಗದು." ಈ ಕೊನೆಯ ಸಾಲು ಓದಿ ನಮಗೆ ನಗೆ ಬಂದಿತು. ನಾವೂ ನಲವತ್ತು ವರ್ಷ ಇದೇ ಮಾತು ಹೇಳುತ್ತ ಬಂದವರು. ನಮ್ಮ ಸಾಂಗ್ಲಿವಾಡಿಯಿಂದ ಎಪ್ಪತ್ತು ಕಿಲೋಮೀಟರ್ ದೂರದ ಪನ್ಹಾಳಗಡವನ್ನು ಮನೆಯವರಿಗೆ ತೋರಿಸಲು ನಮಗೆ ಅರವತ್ತು ತುಂಬಬೇಕಾಯಿತು. ಅದೂ ಮೊದಲ ಸಲ ತೋರಿಸಿದ್ದು ತೋರಿಸಿದಂತಾಗಲಿಲ್ಲ.

ಗುಡ್ಡದ ಊರು ಎಂದ ಕೂಡಲೇ ಹುಡುಗರು ಮಹಾಬಳೇಶ್ವರ, ಪಾಂಚಗಣಿ ಎನ್ನುತ್ತಾರೆ. ನಮ್ಮ ಸೀಮೆಯಿಂದ ಅದು ಒಂದು ದಿನದ ಮಾತಲ್ಲ. ಅರ್ಧ ದಿನ ಗಾಡಿಯಲ್ಲಿಯೇ ಕಳೆಯುತ್ತದೆ. ಪನ್ಹಾಳ ಹಾಗಲ್ಲ. ಕೊಲ್ಹಾಪುರದಿಂದ ಇಪ್ಪತ್ತು ಕಿಲೋಮೀಟರ್. ಸುತ್ತಲಿನ ಬಯಲಿನಿಂದ ಸುಮಾರು 1300 ಅಡಿ ಎತ್ತರದಲ್ಲಿ ಕೋಟೆ, ಕೋಟೆಯ ಒಳಗೇ ಊರು. ತಾಲೂಕಿನ ಕಚೇರಿ, ಶಾಲೆ, ಪೇಟೆ ಎಲ್ಲವೂ ಮೇಲೆಯೇ ಇವೆ. ಗಾಡಿ ಕೋಟೆಯ ಒಳಗಿನವರೆಗೆ ಹೋಗುವುದರಿಂದ ಮೊಣಕಾಲು ನೋವಿನವರೂ ಬರಬಹುದು. ಶಿಲಾಹಾರ ವಂಶದ ಇಮ್ಮಡಿ ಭೋಜರಾಜನು 12ನೆಯ ಶತಮಾನದ ಕೊನೆಗೆ ಇದನ್ನು ಕಟ್ಟಿಸಿದನು. ನಮ್ಮ ಮೀರಜ ಸೀಮೆಯೂ ಆ ಮನೆತನದ ಆಳಿಕೆಯಲ್ಲಿತ್ತು. ಅವರ ಶಾಸನಗಳಲ್ಲಿ ಕನ್ನಡದವೂ ಇವೆ, ಬಸದಿಗಳಿಗೆ ದತ್ತಿ ಬಿಟ್ಟವೂ ಇವೆ. ಹೀಗಾಗಿ ಗಡದ ಮೇಲೆ ಮರಾಠಿ ಬೋರ್ಡು ಓದುತ್ತ ಮನೆಮಂದಿಯೊಡನೆ ಕನ್ನಡದಲ್ಲಿ ಮಾತಾಡುವಾಗ ನಾವು ಪರಊರಿಗೆ ಬಂದಿದ್ದೇವೆ ಎಂದು ಅನಿಸುವುದಿಲ್ಲ. 2025ರ ಜುಲೈದಲ್ಲಿ ಯುನೆಸ್ಕೊದವರು ಮರಾಠರ ಹನ್ನೆರಡು ಕೋಟೆಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದರಷ್ಟೆ, ಅದರಲ್ಲಿ ಪನ್ಹಾಳವೂ ಒಂದು.

ಈಗ ನಮ್ಮ ಮೊದಲ ಪ್ರವಾಸದ ಮಾತು. ಅದು 2019ರ ಜನವರಿ. ಲಿಲಾವು ಇಲ್ಲದ ದಿನ ನೋಡಿ ಒಂದು ಕ್ರೂಸರ್ ಗಾಡಿ ಗೊತ್ತು ಮಾಡಿದೆವು. ದಿವಾಣಜಿಗೆ ನಾಲ್ಕು ಮಾತು ಹೇಳಿ ಹೊರಡೋಣವೆಂದು ಅಂಗಡಿಗೆ ಹೋದವರು ಹೊರಟಾಗ ಒಂಬತ್ತು ಹೊಡೆದಿತ್ತು. ಬಾಡಿಗೆ ಕೊಟ್ಟ ಮೇಲೆ ಎಲ್ಲ ನೋಡಿಯೇ ಬಿಡಬೇಕು ಎಂಬುದು ವ್ಯಾಪಾರಿಯ ಬುದ್ಧಿ. ದಾರಿಯಲ್ಲಿ ಕೊಲ್ಹಾಪುರದ ಪೇಟೆ, ರಂಕಾಳ ಕೆರೆ, ಚಪ್ಪಲಿ ಖರೀದಿ. ಗಡ ಮುಟ್ಟಿದ್ದು ಎರಡೂವರೆಗೆ. ಅಲ್ಲಿ ದಾರಿ ತೋರಿಸುವವನೊಬ್ಬನನ್ನು ಗೊತ್ತು ಮಾಡಿ ಹದಿನಾಲ್ಕು ಜಾಗಗಳನ್ನು ಓಡೋಡಿ ನೋಡಿದೆವು.

ನಮ್ಮ ಅಕ್ಕ ನಮಗಿಂತ ಹತ್ತು ವರ್ಷ ಹಿರಿಯರು. ಭಾವನವರು ತೀರಿದ ಮೇಲೆ ನಮ್ಮ ಮನೆಯಲ್ಲಿಯೇ ಇದ್ದಾರೆ. ಮೊದಲ ಮೆಟ್ಟಿಲು ಬಂದಾಗಲೇ ಅವರು, "ತಮ್ಮಾ, ನಾ ಇಲ್ಲೇ ಕೂತಿರ್ತೀನಿ, ನೀವು ನೋಡಿ ಬರ್ರಿ" ಎಂದರು. ಸರಿ ಎಂದು ಬಿಟ್ಟು ಹೋದೆವು. ಬುತ್ತಿಯ ಡಬ್ಬಿ ನಮ್ಮ ಸೊಸೆಯ ಕೈಯಲ್ಲಿ, ಅಕ್ಕ ಗಾಡಿಯಲ್ಲಿ. ಹುಡುಗರು ಒಂದು ಬುರುಜಿನ ಮೇಲೆ ನಿಂತೇ ತಿಂದರು. ನಾವು ತಿರುಗಿ ಬಂದಾಗ ಹೊತ್ತು ಮುಳುಗಿತ್ತು. ಅಕ್ಕ ಹೊತ್ತು ಮುಳುಗಿದ ಮೇಲೆ ನೀರನ್ನೂ ಮುಟ್ಟುವವರಲ್ಲ. "ಹಸಿವಿಲ್ಲ" ಎಂದರು, ನಾವು ನಂಬಿದೆವು. ಮರುದಿನ ಬೆಳಿಗ್ಗೆ ನಮ್ಮ ಮನೆಯವರು ಹೇಳಿದಾಗ ತಿಳಿಯಿತು, ಅಕ್ಕ ಮುಂಜಾನೆಯ ಅವಲಕ್ಕಿಯ ಮೇಲೆಯೇ ಮರುದಿನದವರೆಗೆ ಇದ್ದರೆಂದು. ಮೊಮ್ಮಗ, "ಅಜ್ಜೀ, ಪನ್ಹಾಳ ಹೆಂಗಿತ್ತು?" ಎಂದು ಕೇಳಿದ. "ಗಾಡಿ ನಿಲ್ಲಸೋ ಜಾಗಾ ಭಾಳ ಚಲೋ ಐತಿ" ಎಂದರು. ಅಕ್ಕ ಸಿಟ್ಟಿನಿಂದ ಹೇಳಲಿಲ್ಲ. ನಮಗೆ ಮಾತ್ರ ತುತ್ತು ಗಂಟಲಲ್ಲಿ ನಿಂತಿತು.

ಆ ವರ್ಷ ಆಗಸ್ಟಿನಲ್ಲಿ ಕೃಷ್ಣೆಯ ಮಹಾಪೂರ, ಆಮೇಲೆ ಕೊರೋನಾ. 2021ರ ಜುಲೈ ಮಳೆಗೆ ಗಡಕ್ಕೆ ಏರುವ ರಸ್ತೆಯೇ ಕುಸಿದು ಗಾಡಿಗಳ ಸಂಚಾರ ನಿಂತಿತ್ತು. ಮತ್ತೆ ಹೋಗಬೇಕೆಂಬ ಮಾತು ಹಾಗೆಯೇ ಉಳಿಯಿತು. ಕಡೆಗೆ ಕಳೆದ ಚಳಿಗಾಲದಲ್ಲಿ ಹೋಗಿ ಬಂದೆವು. ಈ ಸಲ ನಾವು ಯೋಜನೆಯನ್ನು ಹಿಂದುಮುಂದಾಗಿ ಮಾಡಿದೆವು, ಅಂದರೆ ಸಂಜೆಯಿಂದ ಶುರು ಮಾಡಿ ಬೆಳಗಿಗೆ ಬಂದೆವು. ಪತ್ರ ಬರೆದ ವಾಚಕರಿಗೆ ನಾವು ಹೇಳುವುದೂ ಇದನ್ನೇ.

ಚಳಿಗಾಲದಲ್ಲಿ ನಮ್ಮ ಕಡೆ ಸೂರ್ಯ ಮುಳುಗುವುದು ಆರರ ಸುಮಾರಿಗೆ. ಐದೂಕಾಲಿಗೆ ಬುತ್ತಿ ಬಿಚ್ಚಬೇಕು. ಮಧ್ಯಾಹ್ನದ ಊಟ, ವಿಶ್ರಾಂತಿ ಸೇರಿ ಎರಡು ತಾಸು. ವಯಸ್ಸಾದವರು ಒಂದು ಜಾಗ ನೋಡಿ ಕುಳಿತು ಏಳಲು ಒಂದು ತಾಸು ಬೇಕು. ಹುಡುಗರ ಕಾಲಿನ ಲೆಕ್ಕ ಇಲ್ಲಿ ನಡೆಯದು. ಗಡದ ಮೇಲೆ ಒಂಬತ್ತಕ್ಕೆ ಇದ್ದರೆ ಕೂಡ ನಾಲ್ಕು ಜಾಗಗಳಿಗಿಂತ ಹೆಚ್ಚು ಆಗುವುದಿಲ್ಲ. ಒಂಬತ್ತಕ್ಕೆ ಮೇಲಿರಬೇಕಾದರೆ ಮನೆ ಬಿಡುವುದು ಆರೂವರೆಗೆ. ಬೇಸಿಗೆಯಲ್ಲಿ ಹೊತ್ತು ಒಂದು ತಾಸು ಹೆಚ್ಚು ಸಿಗುತ್ತದೆ ನಿಜ, ಆದರೆ ಕಲ್ಲು ಕಾದು ಮಧ್ಯಾಹ್ನ ಎಲ್ಲಿಯೂ ನಿಲ್ಲಲಾಗದು. ಮಳೆಗಾಲ ನೋಡಲು ಚೆಂದ. ಆದರೆ ಮಂಜು ಕವಿದರೆ ಹತ್ತು ಹೆಜ್ಜೆ ಮುಂದಿನದು ಕಾಣುವುದಿಲ್ಲ, ಮೆಟ್ಟಿಲು ಜಾರುತ್ತವೆ, ನಮ್ಮ ಊರಲ್ಲಿ ಹೊಳೆ ಏರುವ ಕಾಲವೂ ಅದೇ. ದೀಪಾವಳಿ ಮುಗಿದ ಮೇಲಿನಿಂದ ಹೊಸ ಅರಿಶಿನ ಪೇಟೆಗೆ ಬರುವವರೆಗಿನ ದಿನಗಳೇ ನಮ್ಮಂಥವರಿಗೆ ಅನುಕೂಲ.

ಹೊರಡುವ ವಾರದ ಮೊದಲು ನಾವು ಅಕ್ಕನನ್ನು, "ಅಕ್ಕಾ, ನಿನಗ ಏನು ನೋಡಬೇಕಾಗೇದ?" ಎಂದು ಕೇಳಿದೆವು. ಇಷ್ಟು ವರ್ಷದಲ್ಲಿ ಇಂಥದೊಂದು ಮಾತನ್ನು ಅವರಿಗೆ ಕೇಳಿದ್ದು ಅದೇ ಮೊದಲು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪಾ ಹೇಳತಿದ್ದರಲ್ಲ, ಆ ಕಾಳಿನ ಕೋಠಿ" ಎಂದರು.

ದಾರಿ ಎಲ್ಲರಿಗೂ ಗೊತ್ತಿದ್ದದ್ದೇ. ಸಾಂಗ್ಲಿವಾಡಿಯವರು ಕೃಷ್ಣೆಯನ್ನು ಎರಡು ಸಲ ದಾಟಬೇಕು, 1929ರ ಆಯರ್ವಿನ್ ಸೇತುವೆಯ ಮೇಲೆ ಒಮ್ಮೆ, ಅಂಕಲಿಯ ಹತ್ತಿರ ಇನ್ನೊಮ್ಮೆ. ಆಮೇಲೆ ಜಯಸಿಂಗಪುರ, ಹಾತಕಣಂಗಲೆ, ಕೊಲ್ಹಾಪುರ. ಅಲ್ಲಿಂದ ರತ್ನಾಗಿರಿ ರಸ್ತೆ ಹಿಡಿದು ವಾಘಬೀಳದಲ್ಲಿ ಗಡದ ಕಡೆಗೆ ತಿರುಗುವುದು. ಗಾಡಿ ಇಲ್ಲದವರು ಮೀರಜದಿಂದ ರೈಲಿನಲ್ಲಿ ಕೊಲ್ಹಾಪುರಕ್ಕೆ ಹೋಗಬಹುದು. ಈ ಹಾದಿ 1891ರಿಂದ ಇದೆ. ಸ್ಟೇಶನ್ನಿಗೆ ಸಮೀಪವೇ ಎಸ್.ಟಿ. ನಿಲ್ದಾಣ, ಪನ್ಹಾಳದ ಬಸ್ಸು ಅಲ್ಲಿ ಸಿಗುತ್ತದೆ. ದಾರಿಯಲ್ಲಿ ಕುಂಭೋಜದ ಬಾಹುಬಲಿ ಬೆಟ್ಟದ ಫಲಕ ಕಂಡಾಗ ಹುಡುಗರು ಅದನ್ನೂ ಮುಗಿಸಿಬಿಡೋಣ ಎಂದರು. 28 ಅಡಿಯ ಆ ಮೂರ್ತಿಯ ದರ್ಶನ "ಮುಗಿಸುವ" ಕೆಲಸವಲ್ಲ ಎಂದು ಗದರಿಸಿದೆವು. ಜೋತಿಬಾ ಗುಡ್ಡ, ರಂಕಾಳ ಯಾವುದೂ ಈ ಸಲದ ಪಟ್ಟಿಯಲ್ಲಿ ಇರಲಿಲ್ಲ. ಒಂದು ಮಾತು ಸಂಕೋಚ ಬಿಟ್ಟು ಬರೆಯುತ್ತೇವೆ: ಹೆಣ್ಣುಮಕ್ಕಳು, ಮುದುಕರು ಶೌಚದ ತೊಂದರೆಗೆ ಹೆದರಿ ಬೆಳಗಿನಿಂದ ನೀರೇ ಕುಡಿಯುವುದಿಲ್ಲ. ಎಲ್ಲಿ ನಿಲ್ಲಿಸುತ್ತೇವೆ ಎಂದು ಹೊರಡುವ ಮೊದಲೇ ಅವರಿಗೆ ಹೇಳಿರಬೇಕು.

ಮೊದಲು ತೀನ್ ದರವಾಜಾ. ವಿಜಾಪುರದ ಆದಿಲಶಾಹಿ ಕಾಲದ ಕೆತ್ತನೆ ಇನ್ನೂ ಸುಸ್ಥಿತಿಯಲ್ಲಿದೆ. ಬಾಗಿಲ ಒಳಗೆ ತಂಪಾದ ನೆರಳು, ಅಕ್ಕನಿಗೆ ಅಲ್ಲಿ ಚಾಪೆ ಹಾಸಿದೆವು. ಪಕ್ಕದಲ್ಲಿಯೇ ಅಂಧಾರ ಬಾವಿ, ಮೂರು ಅಂತಸ್ತು. ಕೆಳಗೆ ನೀರು, ನಡುವೆ ಸಿಪಾಯಿಗಳು ಇರುವ ಜಾಗ. ಶತ್ರುಗಳು ನೀರಿಗೆ ವಿಷ ಹಾಕಬಾರದೆಂದು ಬಾವಿಯನ್ನೇ ಮನೆಯೊಳಗೆ ಬಚ್ಚಿಟ್ಟಂತೆ ಕಟ್ಟಿದ್ದಾರೆ. ಮೊಮ್ಮಕ್ಕಳು ಇಳಿದು ಬಂದು ಅಕ್ಕನಿಗೆ ವರ್ಣಿಸಿದರು. 1660ರ ಮಾರ್ಚಿನಿಂದ ನಾಲ್ಕು ತಿಂಗಳು ಸಿದ್ದಿ ಜೌಹರನು ಈ ಗಡಕ್ಕೆ ಮುತ್ತಿಗೆ ಹಾಕಿದ್ದು, ಜುಲೈದ ಮಳೆಯ ರಾತ್ರಿ ಶಿವಾಜಿ ಮಹಾರಾಜರು ವಿಶಾಳಗಡದ ಕಡೆಗೆ ಪಾರಾದದ್ದು, ಅವರ ವೇಷ ತೊಟ್ಟು ಪಲ್ಲಕ್ಕಿಯಲ್ಲಿ ಕುಳಿತು ಪ್ರಾಣ ಕೊಟ್ಟ ಶಿವಾ ಕಾಶೀದ, ಕಣಿವೆಯಲ್ಲಿ ಅಡ್ಡ ನಿಂತ ಬಾಜಿಪ್ರಭು, ಇವೆಲ್ಲ ಮಕ್ಕಳಿಗೆ ಶಾಲೆಯ ಪುಸ್ತಕದಿಂದ ಬಾಯಿಪಾಠ. ಅವರೇ ನಮಗೆ ಹೇಳಿದರು. ದಾರಿ ತೋರಿಸುವವನು ಬೇಕಾಗಲಿಲ್ಲ.

ತಬಕ ಉದ್ಯಾನದ ಗಿಡಗಳ ಕೆಳಗೆ ಊಟ. ಕಟಕ ರೊಟ್ಟಿ, ಶೇಂಗಾ ಹಿಂಡಿ, ಚಿತ್ರಾನ್ನ, ದಶಮಿ. ಸೋಸಿ ಕಾಯಿಸಿ ಆರಿಸಿದ ನೀರು ಮನೆಯಿಂದಲೇ. ಬುತ್ತಿಯನ್ನು ಈ ಸಲ ಎರಡು ಪಾಲು ಮಾಡಿ ಒಂದನ್ನು ಅಕ್ಕನ ಕೈಚೀಲದಲ್ಲಿಯೇ ಇಟ್ಟಿದ್ದೆವು.

ಎರಡೂವರೆಗೆ ಅಂಬರಖಾನೆಗೆ ಹೋದೆವು. ಗಂಗಾ, ಯಮುನಾ, ಸರಸ್ವತಿ ಎಂದು ಮೂರು ಕೋಠಿಗಳು. ದೊಡ್ಡದು ಗಂಗಾ ಕೋಠಿ, ಎತ್ತರ 35 ಅಡಿ. 25 ಸಾವಿರ ಖಂಡಿ ಧಾನ್ಯ ಹಿಡಿಯುತ್ತಿತ್ತು ಎನ್ನುತ್ತಾರೆ. ಖಂಡಿಗೆ ಇಪ್ಪತ್ತು ಮಣವೆಂದರೆ ಐದು ಲಕ್ಷ ಮಣ. ಪೇಟೆಯಲ್ಲಿ ಕುಳಿತವರು ಈ ಅಂಕಿಯನ್ನು ಎರಡು ಸಲ ಓದಬೇಕು. ಹೊರಗಿನಿಂದ ಮೆಟ್ಟಿಲುಗಳು ಮಾಳಿಗೆಗೆ ಏರುತ್ತವೆ. ಒಳಗೆ ಹದಿನಾರು ಅಂಕಣ, ಪ್ರತಿ ಅಂಕಣದ ಮೇಲ್ಚಾವಣಿಗೆ ಒಂದು ಕಂಡಿ. ಚೀಲ ಹೊತ್ತು ಮೇಲೆ ಹೋಗಿ ಕಂಡಿಯಿಂದ ಸುರಿಯುವುದು. ಮುತ್ತಿಗೆಯ ನಾಲ್ಕು ತಿಂಗಳು ಗಡ ಸೋಲದೆ ನಿಂತದ್ದಕ್ಕೆ ಕತ್ತಿಯಷ್ಟೇ ಇಂಥ ಕೋಠಿಯೂ ಕಾರಣವೆಂದು ನಮ್ಮ ಅಭಿಪ್ರಾಯ.

ಅಕ್ಕ ಕೋಲೂರಿ ಒಳಗೆ ಬಂದರು. ಒಂದು ಕಂಡಿಯಿಂದ ಬಿಸಿಲು ಕೋಲಿನಂತೆ ನೆಲಕ್ಕೆ ಬಿದ್ದಿತ್ತು. ಅದರ ಕೆಳಗೆ ನಿಂತು ಮೇಲೆ ನೋಡಿ, "ತಮ್ಮಾ, ಹಗೇವಿನ್ಯಾಗ ಕಂದೀಲು ಇಳಿಸಿದಾಂಗ ಕಾಣತೈತಿ" ಎಂದರು.

ವಾಚಕರಲ್ಲಿ ಎಳೆಯರಿಗೆ ಇದನ್ನು ಬಿಡಿಸಿ ಹೇಳಬೇಕು. ಹರಿಪುರ ಮತ್ತು ನಮ್ಮ ಸಾಂಗ್ಲಿವಾಡಿಯಲ್ಲಿ ಅರಿಶಿನವನ್ನು ನೆಲದ ಕೆಳಗಿನ ಹಗೇವುಗಳಲ್ಲಿ ತುಂಬುತ್ತಿದ್ದರು. ಮರಾಠಿಯವರು ಪೇವ ಎನ್ನುತ್ತಾರೆ. ಇಲ್ಲಿಯ ಮಣ್ಣಿನ ಗುಣದಿಂದ ಮಾಲಿಗೆ ಹುಳ ಹಿಡಿಯದೆ ವರ್ಷಗಟ್ಟಲೆ ಇರುತ್ತಿತ್ತು. ನಮ್ಮ ತಂದೆಯವರವು ಎರಡು ಹಗೇವು ಇದ್ದವು. ಬಾಯಿ ತೆಗೆದ ಕೂಡಲೇ ಯಾರೂ ಇಳಿಯುವಂತಿಲ್ಲ, ಒಳಗಿನ ಕೆಟ್ಟ ಗಾಳಿಗೆ ಜೀವ ಹೋಗುತ್ತದೆ. ಕೆಲ ತಾಸು ತೆರೆದಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಿ, ದೀಪ ಆರದಿದ್ದರೆ ಮಾತ್ರ ಹಮಾಲ ಇಳಿಯಬೇಕು. ಆ ಹಗ್ಗ ಹಿಡಿಯುವ ಕೆಲಸ ಹತ್ತು ವರ್ಷದ ಅಕ್ಕನದು. ಆಗ ನಾವು ತೊಟ್ಟಿಲಲ್ಲಿದ್ದೆವು. ತಂದೆಯವರು, "ಪನ್ಹಾಳದಾಗ ಕಲ್ಲು, ಅವರು ಮ್ಯಾಲೆ ಕಟ್ಟಿದರು, ನಮ್ಮದು ಮಣ್ಣು, ನಾವು ಕೆಳಗ ತೋಡಿದಿವಿ" ಎಂದು ಹೇಳುತ್ತಿದ್ದರಂತೆ. 2005ರ ಮಹಾಪೂರದಲ್ಲಿ ನೀರು ನುಗ್ಗಿ ಎಷ್ಟೋ ಹಗೇವುಗಳು ಹಾಳಾದವು, ನಮ್ಮವೂ ಹೋದವು. ಆಮೇಲೆ ನಾವು ಅವುಗಳನ್ನು ಮುಚ್ಚಿಸಿ ಗೋದಾಮು ಹಿಡಿದೆವು. ಮುಚ್ಚಿಸುವಾಗಲೂ ಅಕ್ಕನನ್ನು ಕೇಳಿರಲಿಲ್ಲ.

ಕೋಠಿಯಲ್ಲಿ ಒಂದು ತಾಸು ಎಂದು ಲೆಕ್ಕ ಹಾಕಿದ್ದೆವು, ಎರಡು ತಾಸು ಹತ್ತಿತು. ಅಕ್ಕ ಗೋಡೆ ಮುಟ್ಟಿ ನೋಡಿದರು, ಮೊಮ್ಮಕ್ಕಳನ್ನು ಒಂದೊಂದು ಕಂಡಿಯ ಕೆಳಗೆ ನಿಲ್ಲಿಸಿದರು, ಒಂದು ಹಗೇವಿಗೆ ಎಷ್ಟು ಚೀಲ, ಹಮಾಲಿ ಎಷ್ಟು ಎಂದೆಲ್ಲ ಹೇಳಿದರು. ನಮಗೂ ಗೊತ್ತಿಲ್ಲದ ಸಂಗತಿಗಳು ಅವು. ಸಜ್ಜಾ ಕೋಠಿ ನೋಡುವುದು ಬಿಟ್ಟುಹೋಯಿತು. ಹುಡುಗರು ಮುಖ ಸಣ್ಣಗೆ ಮಾಡಿದರು, ಮಾಡಲಿ. ಅವರ ಕಾಲಿಗೆ ಇನ್ನೂ ವರ್ಷಗಳಿವೆ.

ಐದೂಕಾಲಿಗೆ ಪುಸಾಟಿ ಬುರುಜಿನ ಕಡೆ ಚಾಪೆ ಹಾಸಿ ದಶಮಿ, ಬಾಳೆಹಣ್ಣು, ಬೆಳ್ಳುಳ್ಳಿ ಹಾಕದ ಭಡಂಗ ತಿಂದು, ನೀರು ಕುಡಿದು, ಕೈ ತೊಳೆದುಕೊಂಡು, ಆಮೇಲೆ ಎಲ್ಲರೂ ಪಡುವಲಿಗೆ ಮುಖ ಮಾಡಿ ಹೊತ್ತು ಮುಳುಗುವುದನ್ನು ನೋಡಿದೆವು. ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ ಮನೆ ಮುಟ್ಟಿದೆವು. ಗಾಡಿಯ ಬಾಡಿಗೆ, ಡೀಸೆಲ್, ಗಡದ ಮೇಲಿನ ಕರ ಬಿಟ್ಟರೆ ಬೇರೆ ಖರ್ಚಿಲ್ಲ.

ಅಕ್ಕನ ಕೋಲು ಗಾಡಿಯಲ್ಲಿಯೇ ಉಳಿದಿತ್ತು. ಮರುದಿನ ಡ್ರೈವರ್ ತಂದುಕೊಟ್ಟು, "ಆಜಿ ಪುನ್ಹಾ ಕಧೀ?" ಎಂದು ಕೇಳಿದ. ಅಕ್ಕ ಸಜ್ಜಾ ಕೋಠಿಗೆ ಮೆಟ್ಟಿಲು ಎಷ್ಟು ಎಂದು ಅವನನ್ನೇ ವಿಚಾರಿಸುತ್ತಿದ್ದರು.