ಕೊಂಡ ಯಂತ್ರಕ್ಕೆ ಒಡೆಯರಾರು?

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ತರುಣರು ವಿದ್ಯಾಭ್ಯಾಸಕ್ಕಾಗಿ ಲ್ಯಾಪ್‌ಟಾಪು ಕೊಳ್ಳುವದು ಈಗ ಹೊಸ ಸಂಗತಿಯಾಗಿ ಉಳಿದಿಲ್ಲ. ಆದರೆ ಸಾಲ ಮಾಡಿ ತಂದ ಆ ಯಂತ್ರದಲ್ಲಿ ತಮಗೆ ಬೇಕಾದ ಲಿನಕ್ಸ್ ವ್ಯವಸ್ಥೆಯನ್ನು ನೆಲೆಗೊಳಿಸಹೋದಾಗ, ಅದು ಕೊಂಡವರನ್ನೇ ಪರಕೀಯರಂತೆ ಬಾಗಿಲಲ್ಲಿ ತಡೆದು ನಿಲ್ಲಿಸುವದು ವಿಚಾರವಂತರೆಲ್ಲರೂ ಲಕ್ಷಿಸತಕ್ಕ ವಿಷಯವು.

ಬನಹಟ್ಟಿಯ ನೇಕಾರರ ಮನೆಯ ವಿದ್ಯಾರ್ಥಿಯೊಬ್ಬನಿಗೆ ಈಚೆಗೆ ಹೀಗೆಯೇ ಆಯಿತು. ಉಬುಂಟುವನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡು ಕುಳಿತರೆ ಯಂತ್ರದೊಳಗಿನ ಡಿಸ್ಕೇ ಕಾಣಲೊಲ್ಲದು. ಯಂತ್ರ ಕೆಟ್ಟಿತೆಂದು ಅಂಗಡಿಯವರು ಹೇಳಿದರು. ಲಿನಕ್ಸು ನಮ್ಮಂಥವರಿಗಲ್ಲವೆಂದು ಗೆಳೆಯರು ಹೇಳಿದರು. ಎರಡೂ ಮಾತು ನಿಜವಲ್ಲ. ಕೆಲವು ಹೊಸ ಯಂತ್ರಗಳಲ್ಲಿ ಡಿಸ್ಕು ಆರ್‌ಎಸ್‌ಟಿ ಎಂಬ ಪರದೆಯ ಹಿಂದೆ ಇರುವದು. ಬಯೋಸಿನೊಳಗೆ ಹೊಕ್ಕು ಅದನ್ನು ಎಎಚ್‌ಸಿಐ ರೀತಿಗೆ ತಿರುಗಿಸಿದರೆ ಕಣ್ಣಿಗೆ ಬೀಳುವದು. ಆದರೆ ವಿಂಡೋಸನ್ನೂ ಉಳಿಸಿಕೊಳ್ಳುವವರು ಅದನ್ನು ಮೊದಲು ಸೇಫ್ ಮೋಡಿನಲ್ಲಿ ಏಳುವಂತೆ ಹೊಂದಿಸದೆ ಈ ಕೆಲಸಕ್ಕೆ ಕೈಹಾಕಬಾರದು. ಬಿಟ್‌ಲಾಕರಿನ 48 ಅಂಕೆಗಳ ಕೀಲಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳದೆಯಂತೂ ಕೂಡದೇ ಕೂಡದು. ಅದಿಲ್ಲದೆ ತಮ್ಮ ಬರಹವೇ ತಮಗೆ ಸಿಗದಂತಾದವರುಂಟು.

ಆ ಹುಡುಗನ ತಂದೆಯು ಮಗ್ಗ ನಿಂತರೆ ಹಣೆಬರಹವನ್ನು ಹಳಿಯುತ್ತ ಕೂಡ್ರುವವನಲ್ಲ. ಯಾವ ಎಳೆ ಹರಿಯಿತೆಂದು ಮೊದಲು ನೋಡುವನು. (1804ರ ಸುಮಾರಿಗೆ ಫ್ರಾನ್ಸಿನ ಜಕಾರ್ಡನು ಮಗ್ಗಕ್ಕೆ ನಕ್ಷೆ ಕಲಿಸಿದ ತೂತಿನ ರಟ್ಟುಗಳೇ ಮುಂದೆ ಗಣಕಯಂತ್ರಕ್ಕೂ ದಾರಿ ತೋರಿದವೆಂಬುದನ್ನು ನೇಕಾರರ ಮಕ್ಕಳಾದರೂ ಮರೆಯಲಾಗದು.) ಮಗನು ತಂದೆಯ ಈ ರೀತಿಯನ್ನು ಬಿಟ್ಟು ಅಂಗಡಿಯ ಮಾತನ್ನು ನಂಬಬೇಕೇ?

ಇನ್ನು ಸೆಕ್ಯೂರ್ ಬೂಟ್ ಎಂಬ ಕಾವಲು. ವಿಂಡೋಸ್ 8ರ ಸಂಗಡ 2012ರಲ್ಲಿ ಬಳಕೆಗೆ ಬಂದ ಇದು, ಕಳ್ಳ ತಂತ್ರಾಂಶವು ಯಂತ್ರ ಏಳುವಾಗಲೇ ನುಸುಳದಂತೆ ತಡೆಯುವದು. ಅದರ ಪ್ರಯೋಜನವನ್ನು ನಾವು ಅಲ್ಲಗಳೆಯುವದಿಲ್ಲ. ಆದರೆ ಉಬುಂಟು, ಫೆಡೋರಾ, ಡೆಬಿಯನ್‌ಗಳು ಒಳಹೊಗಬೇಕಾದರೆ ಅವುಗಳ ಮೊದಲ ಕಡತಕ್ಕೆ ಮೈಕ್ರೋಸಾಫ್ಟಿನ ಸಹಿ ಬೇಕು! ನಮ್ಮ ಮನೆಯ ಅತಿಥಿಗೆ ಪರರ ಕಚೇರಿಯ ರಹದಾರಿಯೇ? ಅದೃಷ್ಟವಶಾತ್ ಯಂತ್ರದ ಒಡೆಯನು ತನ್ನದೇ ಕೀಲಿಯನ್ನು ನೊಂದಿಸುವ ಮಾರ್ಗವೂ ಉಂಟು. ಎನ್‌ವಿಡಿಯಾದಂಥ ಹೊರಗಿನ ಚಾಲಕವನ್ನು ಹಾಕುವಾಗ ಗುಪ್ತಪದವೊಂದನ್ನು ಕೇಳಿ, ಮರುಸಲ ಏಳುವಾಗ ನೀಲಿ ಪರದೆಯ ಮೇಲೆ ಅದನ್ನೇ ತಿರುಗಿ ಕೇಳುವದು. ಅನೇಕರು ಬೆದರಿ ಅದನ್ನು ದಾಟಿಬಿಡುವರು. ಆಮೇಲೆ ಚಿತ್ರಪರದೆ ಸರಿಯಿಲ್ಲವೆಂದು ಲಿನಕ್ಸನ್ನು ಬಯ್ಯುವರು.

ವೈಫೈ ಬಾರದಿದ್ದರೆ ಗಾಬರಿ ಬೇಡ. ಯಂತ್ರದ ಚಿಪ್ಪು ಹೊಸದು, ಕರ್ನೆಲ್ ಹಳೆಯದು, ಅಷ್ಟೆ. ಮೊಬೈಲನ್ನು ತಂತಿಯಿಂದ ಜೋಡಿಸಿ ಅದರ ಅಂತರ್ಜಾಲದಿಂದ ಹೊಸ ಕರ್ನೆಲ್ಲನ್ನು ತರಿಸಿಕೊಂಡರೆ ಹಲವು ಸಲ ತೊಡಕು ಹರಿಯುವದು. ಕನ್ನಡದ ಮಟ್ಟಿಗೆ ಲಿನಕ್ಸು ಬಡವಾಗಿಲ್ಲ: ಕನ್ನಡ ಗಣಕ ಪರಿಷತ್ತಿನ ಹೆಸರು ಹೊತ್ತ ಕಗಪ ಕೀಲಿಮಣೆಯು ಅದರಲ್ಲಿ ಸಿದ್ಧವಾಗಿಯೇ ಇದೆ.

ನೆರೆಯ ಕೇರಳವು ಶಾಲೆಗಳ ಗಣಕಶಿಕ್ಷಣವನ್ನು ಸ್ವತಂತ್ರ ತಂತ್ರಾಂಶದ ಮೇಲೆ ನಿಲ್ಲಿಸಿದೆ. ಐಟಿ ಅಟ್ ಸ್ಕೂಲ್ ಎಂಬ ಆ ಯೋಜನೆಯು 2017ರಲ್ಲಿ ಕೈಟ್ ಸಂಸ್ಥೆಯಾಗಿ ಬೆಳೆಯಿತು. ಕಾಸರಗೋಡಿನ ಕನ್ನಡ ಶಾಲೆಗಳ ಮಕ್ಕಳೂ ಅದರಲ್ಲಿಯೇ ಕಲಿಯುತ್ತಾರೆ. ಗಡಿಯಾಚೆಯ ಕನ್ನಡದ ಮಕ್ಕಳಿಗೆ ಸಾಧ್ಯವಾದುದು ಕೃಷ್ಣಾ-ಘಟಪ್ರಭೆಗಳ ದಂಡೆಯ ಕನ್ನಡಿಗರಿಗೆ ಏಕೆ ಅಸಾಧ್ಯ?

ಈ ನಾಲ್ಕೂ ಊರುಗಳ ಕಾಲೇಜುಗಳವರಲ್ಲಿ ನಮ್ಮ ವಿನಂತಿ ಇಷ್ಟೇ. ತಿಂಗಳಿಗೊಂದು ರವಿವಾರ ಗಣಕಶಾಲೆಯ ಬಾಗಿಲು ತೆರೆದಿಡಿರಿ. ಯಾವ ಮಾದರಿಯ ಯಂತ್ರ, ಏನು ತೊಡಕು, ಹೇಗೆ ಬಗೆಹರಿಯಿತು ಎಂಬುದನ್ನು ಕನ್ನಡದಲ್ಲಿ ಒಂದು ವಹಿಯಲ್ಲಿ ಬರೆಯಿಸಿರಿ. ಮೊದಲ ಪುಟಕ್ಕೆ ಬನಹಟ್ಟಿಯ ಹುಡುಗನೇ ವಿಷಯ ಒದಗಿಸಿದ್ದಾನೆ: ಲಿನಕ್ಸು ನಡೆಸಿ ವಿಂಡೋಸಿಗೆ ಮರಳಿದರೆ ಗಡಿಯಾರ 5 ತಾಸು 30 ನಿಮಿಷ ಹಿಂದೆ ಬೀಳುತ್ತದೆ. ಒಂದು ಯಂತ್ರದ ವೇಳೆಯನ್ನು ಗ್ರೀನಿಚ್ಚಿನಂತೆಯೂ ಇನ್ನೊಂದು ನಮ್ಮೂರಿನಂತೆಯೂ ಓದುವದೇ ಅದರ ಕಾರಣ.