ಸಿಂಬಳ ಹಸಿರಾದರೆ ಆ್ಯಂಟಿಬಯಾಟಿಕ್ ಬೇಕೇ? ಸೈನಸ್ ಸೋಂಕಿನಲ್ಲಿ ಬಣ್ಣಕ್ಕಿಂತ ದಿನಗಳ ಲೆಕ್ಕ ಮುಖ್ಯ

ಮಳೆ ಶುರುವಾಗಿ ಮನೆಮನೆಯಲ್ಲೂ ನೆಗಡಿ ಹರಡಿತೆಂದರೆ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಸಲಹೆ ಓಡಾಡತೊಡಗುತ್ತದೆ. ಸಿಂಬಳ ನೀರಿನಂತಿದ್ದರೆ ವೈರಸ್, ಹಳದಿ ಅಥವಾ ಹಸಿರಾದರೆ ಬ್ಯಾಕ್ಟೀರಿಯಾ, ಹಾಗಾಗಿ ಕೂಡಲೇ ಆ್ಯಂಟಿಬಯಾಟಿಕ್ ತೆಗೆದುಕೊಳ್ಳಿ ಎಂಬ ಸಲಹೆ ಅದು. ಜೊತೆಗೆ ಮಾತ್ರೆಯ ಸ್ಟ್ರಿಪ್‌ನ ಫೋಟೋ ಹಾಕುವವರೂ ಇದ್ದಾರೆ. ನಮ್ಮ ಮನೆಯ ಗ್ರೂಪಿಗೂ ಬಂದಿತ್ತು, ಇಬ್ಬರು 'ತುಂಬಾ ಉಪಯುಕ್ತ' ಎಂದು ಕೈಮುಗಿದಿದ್ದರು. ಆದರೆ ಈ ಬಣ್ಣದ ಲೆಕ್ಕ ಸರಿಯಲ್ಲ.

ಸೋಂಕು ತಗುಲಿದಾಗ ಅದನ್ನು ಎದುರಿಸಲು ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಮೂಗಿಗೆ ಧಾವಿಸುತ್ತವೆ. ಅವುಗಳಲ್ಲಿ ಕಬ್ಬಿಣದ ಅಂಶವಿರುವ ಒಂದು ಕಿಣ್ವವಿದ್ದು, ಅದರ ಬಣ್ಣವೇ ಹಸಿರು. ಎದುರಾಳಿ ವೈರಸ್ ಆಗಿದ್ದರೂ ಈ ಕಣಗಳು ಬರುತ್ತವೆ. ಹಾಗಾಗಿ ಮಾಮೂಲಿ ನೆಗಡಿಯಲ್ಲೂ ಮೂರು ನಾಲ್ಕು ದಿನಕ್ಕೆ ಸಿಂಬಳ ಗಟ್ಟಿಯಾಗಿ ಬಣ್ಣ ತಿರುಗುವುದು ಸಹಜ.

ಸೈನಸ್ ಎಂಬುದು ಕಾಯಿಲೆಯ ಹೆಸರಲ್ಲ. ಹಣೆ, ಕೆನ್ನೆ ಮತ್ತು ಕಣ್ಣುಗಳ ನಡುವಿನ ಮೂಳೆಗಳಲ್ಲಿರುವ, ಗಾಳಿ ತುಂಬಿದ ಪೊಳ್ಳು ಜಾಗಗಳಿಗೆ ಹಾಗೆನ್ನುತ್ತಾರೆ. ನೆಗಡಿಯಾದಾಗ ಒಳಪೊರೆ ಊದಿಕೊಂಡು ಅವುಗಳ ಕಿರಿದಾದ ಬಾಯಿ ಕಟ್ಟಿಕೊಳ್ಳುತ್ತದೆ. ಬಗ್ಗಿದರೆ ಹಣೆ ಭಾರ, ಕೆನ್ನೆ ನೋವು ಬರುವುದು ಇದರಿಂದಲೇ. ಇದಕ್ಕೂ ಹೆಚ್ಚಾಗಿ ವೈರಸ್ಸೇ ಕಾರಣ. ವಯಸ್ಕರಲ್ಲಿ ನೂರು ನೆಗಡಿಗಳ ಪೈಕಿ ಹೆಚ್ಚೆಂದರೆ ಎರಡು ಬ್ಯಾಕ್ಟೀರಿಯಾ ಸೈನಸ್ ಸೋಂಕಿಗೆ ತಿರುಗಬಹುದು ಎಂಬುದು ತಜ್ಞರ ಅಂದಾಜು.

ಆ ಎರಡನ್ನು ಗುರುತಿಸುವುದು ಹೇಗೆ? ಅಮೆರಿಕದ ಸಾಂಕ್ರಾಮಿಕ ರೋಗ ತಜ್ಞರ ಸಂಘ 2012ರಲ್ಲಿ ಹೊರಡಿಸಿದ ಮಾರ್ಗಸೂಚಿ ಮೂರು ಸಂದರ್ಭಗಳನ್ನು ಹೇಳುತ್ತದೆ. ಹತ್ತು ದಿನ ಕಳೆದರೂ ಸ್ವಲ್ಪವೂ ಕಡಿಮೆಯಾಗದಿರುವುದು ಒಂದು. ಆರಂಭದಲ್ಲೇ 102 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚು ಜ್ವರವಿದ್ದು, ಜೊತೆಗೆ ಕೀವಿನಂಥ ಸಿಂಬಳ ಅಥವಾ ಮುಖದ ನೋವು ಸತತ ಮೂರು ನಾಲ್ಕು ದಿನ ಇರುವುದು ಇನ್ನೊಂದು. ಮೂರನೆಯದನ್ನು ಜನ ಗಮನಿಸುವುದು ಕಡಿಮೆ: ಐದಾರು ದಿನಕ್ಕೆ ನೆಗಡಿ ಇಳಿಯಿತು ಅನ್ನುವಷ್ಟರಲ್ಲಿ ಮತ್ತೆ ಜ್ವರ, ತಲೆನೋವು ಬರುವುದು, ಇಲ್ಲವೇ ಸಿಂಬಳ ಹೆಚ್ಚಾಗುವುದು. ಇವುಗಳಲ್ಲಿ ಯಾವುದಾದರೂ ಇದ್ದರೆ ವೈದ್ಯರಿಗೆ ತೋರಿಸಬೇಕು. 'ತುಂಬಾ ದಿನದಿಂದ ಇದೆ' ಅನ್ನುವ ಬದಲು ಎಷ್ಟನೇ ದಿನ, ಮಧ್ಯೆ ಕಡಿಮೆಯಾಗಿತ್ತೇ ಎಂದು ಹೇಳಿದರೆ ಅವರಿಗೆ ನಿರ್ಧರಿಸಲು ಸುಲಭ.

'ಎಲ್ಲಾ ಸರಿ, ಆದರೆ ನನಗೆ ಮಾತ್ರೆ ತಗೊಂಡ ಮೇಲೇ ವಾಸಿಯಾಯ್ತಲ್ಲ?' ಈ ಪ್ರಶ್ನೆ ನ್ಯಾಯವಾದದ್ದೇ. ಸಾಮಾನ್ಯವಾಗಿ ನಾವು ಮೆಡಿಕಲ್ ಶಾಪಿಗೆ ಹೋಗುವುದು ಐದಾರನೇ ದಿನ, ಸಾಕಾಗಿಹೋದಾಗ. ನೆಗಡಿ ತಾನಾಗಿಯೇ ಇಳಿಯತೊಡಗುವುದೂ ಹೆಚ್ಚುಕಡಿಮೆ ಆಗಲೇ. ಹೆಸರು ಮಾತ್ರ ಮಾತ್ರೆಗೆ. 2012ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ 'ಜಾಮಾ'ದಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಸೈನಸ್ ಸೋಂಕಿದ್ದ 166 ವಯಸ್ಕರಲ್ಲಿ ಕೆಲವರಿಗೆ ಅಮಾಕ್ಸಿಸಿಲಿನ್, ಉಳಿದವರಿಗೆ ಔಷಧವೇ ಇಲ್ಲದ ಹುಸಿ ಮಾತ್ರೆ ಕೊಟ್ಟರು. ಏಳನೇ ದಿನ ಔಷಧ ಪಡೆದವರು ತುಸು ಮುಂದಿದ್ದರು. ಹತ್ತನೇ ದಿನದ ಹೊತ್ತಿಗೆ ಗುಣವಾಗಿದೆ ಎಂದವರು ಔಷಧ ಪಡೆದವರಲ್ಲಿ ಶೇ. 78, ಹುಸಿ ಮಾತ್ರೆ ನುಂಗಿದವರಲ್ಲಿ ಶೇ. 80.

ನಮ್ಮಲ್ಲಿ ನೆಗಡಿಗೆ ಕೇಳಿ ಪಡೆಯುವ ಮಾತ್ರೆ ಬಹುತೇಕ ಅಜಿತ್ರೋಮೈಸಿನ್. ಇದೇ ಮಾರ್ಗಸೂಚಿ ಸೈನಸ್ ಸೋಂಕಿಗೆ ಈ ಗುಂಪಿನ ಔಷಧವನ್ನು ಮೊದಲ ಆಯ್ಕೆಯಾಗಿ ಬಳಸಬೇಡಿ ಎನ್ನುತ್ತದೆ. ಸೋಂಕು ತರುವ ಮುಖ್ಯ ಬ್ಯಾಕ್ಟೀರಿಯಾಗಳಲ್ಲೊಂದು ಅದಕ್ಕೆ ಈಗಾಗಲೇ ಪ್ರತಿರೋಧ ಬೆಳೆಸಿಕೊಂಡಿದೆ. ವಿನಾಕಾರಣ ನುಂಗಿದಷ್ಟೂ ಈ ಪ್ರತಿರೋಧ ಹೆಚ್ಚುತ್ತದೆ, ಭೇದಿ, ಅಲರ್ಜಿ ಬೇರೆ. ಸ್ಟ್ರಿಪ್ ಮೇಲಿನ ಕೆಂಪು ಗೆರೆ ಅಲಂಕಾರಕ್ಕಲ್ಲ, ವೈದ್ಯರ ಚೀಟಿಯಿಲ್ಲದೆ ಕೊಳ್ಳಬಾರದು ಎಂದು ಅರ್ಥ. ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ಇದಕ್ಕಾಗಿಯೇ ಅಭಿಯಾನ ನಡೆಸಿತ್ತು.

ಹಾಗಂತ ವೈದ್ಯರು ನೋಡಿ ಬರೆದುಕೊಟ್ಟ ಆ್ಯಂಟಿಬಯಾಟಿಕ್‌ಗೆ ಹೆದರಬೇಕಿಲ್ಲ. ವಯಸ್ಕರಿಗೆ ಸಾಮಾನ್ಯವಾಗಿ ಐದರಿಂದ ಏಳು ದಿನ ಸಾಕಾಗುತ್ತದೆ. ಹೇಳಿದಷ್ಟು ದಿನ ತೆಗೆದುಕೊಳ್ಳಿ. ಮೂರು ದಿನವಾದರೂ ಸುಧಾರಣೆ ಕಾಣದಿದ್ದರೆ ಅವರ ಬಳಿಗೇ ಮರಳಿ ಹೋಗಿ, ಅಂಗಡಿಯಲ್ಲಿ ಬೇರೆ ಮಾತ್ರೆ ಕೇಳಬೇಡಿ.

ಅಲ್ಲಿಯವರೆಗೆ ನೋವಿಗೆ ಪ್ಯಾರಸಿಟಮಾಲ್, ಮೂಗು ತೊಳೆಯಲು ಉಪ್ಪುನೀರು. ಜಲನೇತಿ ಮಾಡುವವರು ನಲ್ಲಿ ನೀರನ್ನು ನೇರವಾಗಿ ಬಳಸದೆ, ಕುದಿಸಿ ಆರಿಸಿಕೊಳ್ಳಬೇಕು. ಹಬೆಯಿಂದ ಕೊಂಚ ಹಾಯೆನಿಸಬಹುದು, ಸೋಂಕು ಹೋಗುವುದಿಲ್ಲ. ಪುಟ್ಟ ಮಕ್ಕಳನ್ನು ಕುದಿನೀರಿನ ಪಾತ್ರೆಯ ಹತ್ತಿರ ಕೂರಿಸಲೇಬೇಡಿ.

ಹತ್ತು ದಿನ ಕಾಯುವ ಲೆಕ್ಕ ಎಲ್ಲರಿಗೂ ಅಲ್ಲ. ಕಣ್ಣಿನ ಸುತ್ತ ಊತ, ಎರಡೆರಡಾಗಿ ಕಾಣುವುದು, ತಡೆಯಲಾಗದ ತಲೆನೋವು, ಕುತ್ತಿಗೆ ಬಿಗಿತ, ಮಂಕು ಕವಿದಂತಾಗುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. 2021ರಲ್ಲಿ ಕೋವಿಡ್ ಬೆನ್ನಿಗೇ ಬಂದ ಬ್ಲ್ಯಾಕ್ ಫಂಗಸ್ ನೆನಪಿರಬಹುದು. ಅದೂ ಮೂಗು ಮತ್ತು ಸೈನಸ್‌ನಿಂದಲೇ ಶುರುವಾಗುತ್ತಿತ್ತು, ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರನ್ನು ಹೆಚ್ಚು ಕಾಡಿತ್ತು. ಅದು ಶಿಲೀಂಧ್ರ, ಆ್ಯಂಟಿಬಯಾಟಿಕ್‌ಗೆ ಬಗ್ಗುವುದಿಲ್ಲ. ಅಂಥವರಿಗೆ ಕೆನ್ನೆ ಮರಗಟ್ಟಿದರೆ, ಮೂಗಿನಲ್ಲಿ ಕಪ್ಪು ಹಕ್ಕಳೆ ಕಂಡರೆ, ಮೆಡಿಕಲ್ ಶಾಪಿನ ಮಾತ್ರೆ ನುಂಗುತ್ತಾ ಕಳೆಯುವ ಮೂರು ದಿನ ಒಂದು ಕಣ್ಣನ್ನೇ ಕಳೆದುಕೊಳ್ಳಲು ಸಾಕು.