ಲಾಂಚ್ ಟಿಕೆಟ್‌ಗಿಂತ ಮೊದಲು ಆಲಂಪುರ

ರಜೆ ಹತ್ತಿರ ಬಂದ್ರೆ ಸಾಕು, ಗ್ರೂಪುಗಳಲ್ಲಿ ಒಂದೇ ಮಾತು: ನಾಗಾರ್ಜುನಸಾಗರದಿಂದ ಶ್ರೀಶೈಲಕ್ಕೆ ಲಾಂಚಲ್ಲಿ ಹೋಗೋಣ್ವಾ? ಹೋಗಿ, ಬೇಡ ಅನ್ನಲ್ಲ. ನೂರು ಕಿಲೋಮೀಟರಿಗೂ ಹೆಚ್ಚು ಕೃಷ್ಣೆಯ ಮೇಲೆ, ಎರಡೂ ಕಡೆ ನಲ್ಲಮಲ ಕಾಡು. ಆದ್ರೆ ಹಳೇ ಗುಡಿ ನೋಡೋಕೆ ಅಂತ ಹೊರಟಿದ್ರೆ ಈ ಪ್ಲ್ಯಾನ್ ಉಲ್ಟಾ ಆಗಿದೆ.

ಕಾರಣ ಸರಳ. ಆ ಲಾಂಚ್ ಶ್ರೀಶೈಲ ಅಣೆಕಟ್ಟಿನ ಕೆಳಗೆ ಲಿಂಗಾಲಗಟ್ಟಿಗೆ ಬಂದು ನಿಲ್ಲುತ್ತೆ, ಕಟ್ಟೆ ದಾಟಲ್ಲ. ಬಾದಾಮಿ ಚಾಲುಕ್ಯರು ಕಟ್ಟಿದ ಗುಡಿಗಳಿರೋದು ಕಟ್ಟೆಯಿಂದ ಮೇಲಕ್ಕೆ, ತುಂಗಭದ್ರೆ ಕೃಷ್ಣೆಗೆ ಸೇರೋ ಕಡೆ. ನೈಲ್ ನದಿಯ ವಿಡಿಯೋ ನೋಡಿ ನಮ್ಮಲ್ಲೂ ದೋಣಿ ಗುಡಿ ಬಾಗಿಲಿಗೇ ಹೋಗುತ್ತೆ ಅಂದ್ಕೋಬೇಡಿ. ಅಲ್ಲಿ ಕೋಮ್ ಓಂಬೋದಲ್ಲಿ ಹಾಗೆ ಆಗುತ್ತೆ, ನಿಜ. ಅಸ್ವಾನ್ ಅಣೆಕಟ್ಟಿನ ನೀರಿಗೆ ಸಿಗದ ಹಾಗೆ ಅಬು ಸಿಂಬೆಲ್ ಗುಡಿಗಳನ್ನ 1964ರಿಂದ 1968ರವರೆಗೆ ಕೊಯ್ದು ಮೇಲಕ್ಕೆತ್ತಿಟ್ಟ ಕತೆ ಜಗತ್ತಿಗೆಲ್ಲ ಗೊತ್ತು. ಅದೇ ಕೆಲಸ ನಮ್ಮ ಪಕ್ಕದಲ್ಲೇ ಆಗಿದೆ ಅನ್ನೋದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಎರಡು ನದಿ ಕೂಡೋ ಕೂಡವೆಲ್ಲಿಯಲ್ಲಿ ಚಾಲುಕ್ಯರ ಕಾಲದ ಸಂಗಮೇಶ್ವರ ಗುಡಿ ಇತ್ತು. ಶ್ರೀಶೈಲ ಯೋಜನೆಯಲ್ಲಿ ಆ ಜಾಗ ಮುಳುಗುತ್ತೆ ಅಂತ ಗೊತ್ತಾದಾಗ ಕಲ್ಲು ಕಲ್ಲು ಬಿಚ್ಚಿ ಆಲಂಪುರಕ್ಕೆ ತಂದು ಮತ್ತೆ ಕಟ್ಟಿದ್ರು. ಅಲ್ಲೇ ಊರೊಳಗೆ ನವಬ್ರಹ್ಮ ಗುಡಿಗಳಿವೆ. ಹೆಸರಿಗೆ ಬ್ರಹ್ಮ, ಒಳಗಿರೋದು ಶಿವ. 7-8ನೇ ಶತಮಾನದವು. ಪಟ್ಟದಕಲ್ಲಿನ ಗಳಗನಾಥ ಗುಡಿ ನೋಡಿದವರಿಗೆ ಈ ಶಿಖರಗಳು ನೆಂಟರ ಮುಖದ ಹಾಗೆ ಕಾಣ್ತವೆ. ಸ್ವರ್ಗಬ್ರಹ್ಮ ಗುಡಿಯ ಹೊರಗೋಡೆಗೇ ಒಂದು ಗಂಟೆ ಬೇಕು. ಅದು ವಿನಯಾದಿತ್ಯನ ಕಾಲದ್ದು. ಕಲ್ಯಾಣ ಚಾಲುಕ್ಯರ ಕಾಲದ ಕನ್ನಡ ಶಾಸನಗಳೂ ಈ ಊರಲ್ಲಿವೆ. ನಿಧಾನಕ್ಕೆ ನೋಡಿ, ಮೊದಲು ಒಂದೆರಡು ಅಕ್ಷರ ಸಿಗ್ತವೆ, ಆಮೇಲೆ ಒಂದು ಪದ. ಜೊತೆಗೆ ಬಂದ ತೆಲುಗು ಗೆಳೆಯನಿಗೂ ಅಷ್ಟೇ ಅಕ್ಷರ ಸಿಗಬಹುದು, ಆಗಿನ ಲಿಪಿ ಇಬ್ಬರಿಗೂ ಒಂದೇ. ಜಗಳ ಬೇಡ, ಇಬ್ಬರೂ ಸೇರಿ ಓದಿ.

ಇನ್ನು ತಿಂಗಳ ಲೆಕ್ಕ. ಲಾಂಚ್ ಓಡೋದು ಜಲಾಶಯ ತುಂಬಿದಾಗ. ಆದ್ರೆ ಕರ್ನೂಲ್ ಕಡೆಯ ಸಪ್ತನದಿ ಸಂಗಮದಲ್ಲಿ ಇನ್ನೊಂದು ಸಂಗಮೇಶ್ವರ ಇದ್ದಾನೆ, ಅವನನ್ನ ಯಾರೂ ಎತ್ತಿಡಲಿಲ್ಲ. ವರ್ಷದ ಹೆಚ್ಚು ಭಾಗ ನೀರೊಳಗೆ, ಬೇಸಿಗೆಯಲ್ಲಿ ನೀರು ಇಳಿದಾಗ ಮಾತ್ರ ಹೊರಗೆ. ಅಂದ್ರೆ ದೊಡ್ಡ ಲಾಂಚೂ ಈ ಗುಡಿಯೂ ಒಂದೇ ಟ್ರಿಪ್ಪಲ್ಲಿ ಸಿಗೋದು ಕಷ್ಟ. ನನ್ನ ಕೇಳಿದ್ರೆ ಲಾಂಚ್ ಬಿಡಿ, ಬೇಸಿಗೆ ಆರಿಸ್ಕೊಳ್ಳಿ. ಯುಗಾದಿ ಜಾತ್ರೆ ದಿನಗಳ ನೂಕುನುಗ್ಗಲು ಮಾತ್ರ ತಪ್ಪಿಸಿ.

ದೋಣಿ ಬೇಕೇಬೇಕು ಅಂತೀರಾ? ಶ್ರೀಶೈಲದಲ್ಲಿ ರೋಪ್‌ವೇ ಹಿಡಿದು ಪಾತಾಳಗಂಗೆಗೆ ಇಳೀರಿ, ನೀರಿದ್ರೆ ಅಲ್ಲಿಂದ ಅಕ್ಕಮಹಾದೇವಿ ಗುಹೆಗೆ ಬೋಟ್ ಸಿಗುತ್ತೆ. ಇದು ಕಟ್ಟೆಯ ಮೇಲಿನ ನೀರು. ಗುಹೆ ಕತ್ತಲು, ಇಕ್ಕಟ್ಟು, ಕೊನೆಗೆ ಮೈ ಬಗ್ಗಿಸಿ ನುಸುಳ್ಬೇಕು, ಟಾರ್ಚ್ ಮರೀಬೇಡಿ. ಸೊಲ್ಲಾಪುರ, ಅಕ್ಕಲಕೋಟೆ ಹುಡುಗರಿಗೆ ಈ ದಾರಿ ಹೊಸದೇನಲ್ಲ. ಸೊನ್ನಲಿಗೆಯ ಸಿದ್ಧರಾಮ ಎಳೆ ವಯಸ್ಸಲ್ಲೇ ಮಲ್ಲಯ್ಯನನ್ನ ಹುಡುಕ್ಕೊಂಡು ಬಂದಿದ್ದು ಇಲ್ಲಿಗೇ ಅಂತ ನಮ್ಮ ಮನೆಗಳಲ್ಲಿ ಕೇಳಿರ್ತೀವಿ.

ಆದೋನಿ, ರಾಯದುರ್ಗದವರು ಕರ್ನೂಲಿಗೆ ಬಂದ್ರೆ ಆಲಂಪುರ ಪಕ್ಕದಲ್ಲೇ. ಬೆಳಿಗ್ಗೆಯೆಲ್ಲ ಅಲ್ಲೇ ಕಳೆದು ಮಧ್ಯಾಹ್ನಕ್ಕೆ ಶ್ರೀಶೈಲದ ಕಡೆ ಹೊರಡಿ. ದೋರ್ನಾಲದಿಂದ ಮುಂದೆ ಹುಲಿ ಕಾಡು, ರಾತ್ರಿ ಗೇಟ್ ಮುಚ್ತಾರೆ.